ಕಾರಿನ ಬೆಳಕಿಗೆ ಬೀಗ: ಕೀಲಿ ಯಾರ ಕೈಲಿರಬೇಕು?

ಕಳೆದ ಬುಧವಾರ ಸಂಜೆ ನಮ್ಮ ಮಂಡ್ಯದ ಒಂದು ಗ್ಯಾರೇಜಿನಲ್ಲಿ ಕಂಡ ಸಂಗತಿ ಇದು. ನನ್ನ ಹಳೇ ಸ್ಕೂಟರಿಗೆ ಕ್ಲಚ್ ವೈರ್ ಹಾಕಿಸಲು ಹೋಗಿದ್ದೆ. ಪಕ್ಕದಲ್ಲೊಂದು ಜರ್ಮನ್ ಕಾರು ನಿಂತಿತ್ತು. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು ತಂದದ್ದು. ಬಾನೆಟ್ ಮುಚ್ಚೇ ಇತ್ತು. ಸ್ಪ್ಯಾನರ್ ಇಲ್ಲ, ಸ್ಕ್ರೂ ಡ್ರೈವರ್ ಇಲ್ಲ, ಗ್ರೀಸು ಮೆತ್ತಿದ ಕೈಯೂ ಇಲ್ಲ. ಇಪ್ಪತ್ತೆರಡರ ಆಸುಪಾಸಿನ ಹುಡುಗನೊಬ್ಬ ಡ್ರೈವರ್ ಸೀಟಿನಲ್ಲಿ ಕೂತು ಮೊಬೈಲ್ ಒತ್ತುತ್ತಿದ್ದ. ಸ್ಟಿಯರಿಂಗ್ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಪ್ಲಗ್ ಸಿಗಿಸಿದ್ದ.

"ಏನಪ್ಪಾ ರಿಪೇರಿ?" ಅಂದೆ.

"ರಿಪೇರಿ ಅಲ್ಲ ಸಾರ್, ಕೋಡಿಂಗ್. ಹೆಡ್‌ಲೈಟ್ ಓಪನ್ ಮಾಡ್ತಿದೀನಿ."

ಹತ್ತು ನಿಮಿಷ ಆಗಲಿಲ್ಲ. ಹುಡುಗ ಇಳಿದು ಬಂದ. ಮಾಲೀಕರು ಮೂರು ಸಾವಿರ ರೂಪಾಯಿ ಎಣಿಸಿ ಕೊಟ್ಟರು. ಕಾರಿಗೆ ಹೊಸದಾಗಿ ಒಂದು ಬಲ್ಬನ್ನೂ ಹಾಕಿಲ್ಲ, ಒಂದು ತಂತಿಯನ್ನೂ ಎಳೆದಿಲ್ಲ. ಆದರೂ ಕಾರಿನ ಬೆಳಕು ಬದಲಾಗಿತ್ತು.

ಮಾಲೀಕರ ಮುಖದಲ್ಲಿ ಗೆದ್ದ ಕಳೆ. "ದೀಪ ಒಳಗೇ ಇತ್ತು ಕಣಣ್ಣ. ಕ್ಯಾಮೆರಾನೂ ಇತ್ತು. ಕಂಪನಿಯೋರು ಬೀಗ ಹಾಕಿ ಮಡಗಿದ್ರು. ನಾನು ತೆಗೆಸ್ಬುಟ್ಟೆ. ನನ್ ಕಾರು, ನನ್ ದುಡ್ಡು, ಯಾರ ಅಪ್ಪಣೆ ಯಾಕ್ ಬೇಕು?" ಅಂದರು.

ಪಿಯುಸಿ ಅರ್ಧಕ್ಕೇ ಬಿಟ್ಟ ನನಗೆ ಸಾಫ್ಟ್‌ವೇರ್ ವಿದ್ಯೆ ದೂರ. ಆದರೆ ಅವರ ಪ್ರಶ್ನೆ ಮಾತ್ರ ಅಂದಿನಿಂದ ತಲೆಯಲ್ಲಿ ಕೂತಿದೆ. ಯಾರ ಅಪ್ಪಣೆ ಬೇಕು? ಈ ವಾರ ಅದನ್ನೇ ವಿಚಾರ ಮಾಡೋಣ.

ಏನಿದು ಹೊಸ ಬೆಳಕು?

ನಮಗೆಲ್ಲ ಗೊತ್ತಿರುವ ಹೆಡ್‌ಲೈಟಿಗೆ ಎರಡೇ ಅವಸ್ಥೆ. ಡಿಮ್ ಮತ್ತು ಬ್ರೈಟ್. ಎದುರು ಗಾಡಿ ಬಂದರೆ ಡಿಮ್ ಮಾಡಬೇಕು, ದಾಟಿದ ಮೇಲೆ ಬ್ರೈಟ್. ಈ ಮರ್ಯಾದೆ ನಮ್ಮ ರಸ್ತೆಗಳಲ್ಲಿ ಎಷ್ಟು ಉಳಿದಿದೆ ಅನ್ನುವುದು ರಾತ್ರಿ ಹೊತ್ತು ಸ್ಕೂಟರ್ ಓಡಿಸುವವರಿಗೆಲ್ಲ ಗೊತ್ತು, ಹೇಳಬೇಕಾಗಿಲ್ಲ.

ಹೊಸ ಬಗೆಯ ದೀಪದಲ್ಲಿ ಒಂದು ದೊಡ್ಡ ಬಲ್ಬಿನ ಬದಲು ಎಲ್‌ಇಡಿಗಳ ಸಾಲು ಇರುತ್ತದೆ. 2013ರಲ್ಲಿ ಆಡಿ ಕಂಪನಿ ತನ್ನ ಎ8 ಕಾರಿನಲ್ಲಿ ಇದನ್ನು ಮ್ಯಾಟ್ರಿಕ್ಸ್ ಎಲ್‌ಇಡಿ ಎಂಬ ಹೆಸರಿನಲ್ಲಿ ತಂದಾಗ, ಒಂದೊಂದು ದೀಪದಲ್ಲೂ ಬ್ರೈಟ್ ಬೆಳಕಿಗೇ 25 ಎಲ್‌ಇಡಿಗಳಿದ್ದವು. ಮುಂದಿನ ಗಾಜಿನ ಹಿಂದೆ, ಕನ್ನಡಿಯ ಪಕ್ಕದಲ್ಲಿ ಕ್ಯಾಮೆರಾ ಇರುತ್ತದೆ. ಎದುರಿನಿಂದ ಬರುವ ಗಾಡಿಯ ಹೆಡ್‌ಲೈಟನ್ನೋ ಮುಂದೆ ಹೋಗುವ ಗಾಡಿಯ ಕೆಂಪು ದೀಪವನ್ನೋ ಕ್ಯಾಮೆರಾ ಕಂಡುಹಿಡಿಯುತ್ತದೆ. ಆ ಗಾಡಿ ಇರುವ ಜಾಗಕ್ಕೆ ಬೀಳುವ ಎಲ್‌ಇಡಿಗಳನ್ನು ಮಾತ್ರ ಆರಿಸುತ್ತದೆ. ಮಿಕ್ಕ ರಸ್ತೆಗೆಲ್ಲ ಬ್ರೈಟ್ ಬೆಳಕು ಹಾಗೇ ಇರುತ್ತದೆ. ಎದುರು ಗಾಡಿ ಸರಿದಂತೆ ಕತ್ತಲ ತುಂಡೂ ಜೊತೆಗೇ ಸರಿಯುತ್ತದೆ. ಒಬ್ಬರ ಕಣ್ಣಿಗಷ್ಟೇ ಕೊಡೆ ಹಿಡಿದ ಹಾಗೆ.

ಉಪಯೋಗ ಉಂಟೇ? ಉಂಟು. ಅಮೆರಿಕದ ವಾಹನ ಬಳಕೆದಾರರ ದೊಡ್ಡ ಸಂಸ್ಥೆ ಎಎಎ 2019ರಲ್ಲಿ ಅಳೆದು ನೋಡಿದಾಗ, ಯುರೋಪಿನ ಇಂಥ ದೀಪಗಳು ಎದುರಿಗೆ ಗಾಡಿ ಇದ್ದಾಗಲೂ ಅಮೆರಿಕದ ಡಿಮ್ ದೀಪಕ್ಕಿಂತ ಶೇಕಡಾ 86ರವರೆಗೆ ಹೆಚ್ಚು ಬೆಳಕು ಕೊಡುತ್ತವೆ ಎಂದು ಕಂಡುಬಂತು. ರಾತ್ರಿ ಹೊತ್ತು ರಸ್ತೆ ದಾಟುವ ಮನುಷ್ಯ ಮೊದಲೇ ಕಂಡರೆ ಬ್ರೇಕು ಮೊದಲೇ ಬೀಳುತ್ತದೆ. ಇದು ಶೋಕಿ ಸಾಮಾನಲ್ಲ, ಜೀವ ಉಳಿಸುವ ಸಾಮಾನು.

ಹಾಗಾದರೆ ಬೀಗ ಏಕೆ?

ಇಷ್ಟು ಒಳ್ಳೆಯದನ್ನು ಕಾರಿನೊಳಗೇ ಇಟ್ಟು ಮುಚ್ಚಿದ್ದೇಕೆ? ಎರಡು ಕಾರಣ. ಒಂದು ಕಾನೂನಿನದು, ಇನ್ನೊಂದು ವ್ಯಾಪಾರದ್ದು.

ಕಾನೂನಿನ ಕಥೆ ಅಮೆರಿಕದ್ದು. ಅಲ್ಲಿನ ವಾಹನ ದೀಪಗಳಿಗೆ 1968ರಿಂದ 108ನೇ ನಂಬರಿನ ಸುರಕ್ಷತಾ ನಿಯಮ ಉಂಟು. ಆ ನಿಯಮಕ್ಕೆ ಗೊತ್ತಿದ್ದದ್ದು ಡಿಮ್ ಮತ್ತು ಬ್ರೈಟ್ ಎರಡೇ. ಅರ್ಧ ಬ್ರೈಟು, ಅರ್ಧ ಕತ್ತಲು ಎಂಬ ಮೂರನೆಯದಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ. ಯುರೋಪಿನಲ್ಲಿ ಈ ದೀಪ ಓಡಾಡುತ್ತಿತ್ತು. ಪಕ್ಕದ ಕೆನಡಾ ಕೂಡ 2018ರಲ್ಲಿ ಒಪ್ಪಿತು. ಅಮೆರಿಕದಲ್ಲಿ ಮಾತ್ರ ಇಲ್ಲ. ಟೊಯೋಟಾ ಕಂಪನಿ 2013ರಲ್ಲಿ ನಿಯಮ ಬದಲಿಸಿ ಎಂದು ಅರ್ಜಿ ಹಾಕಿತು. ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ 2018ರಲ್ಲಿ ಕರಡು ತಂದಿತು. 2021ರಲ್ಲಿ ಅಲ್ಲಿನ ಪಾರ್ಲಿಮೆಂಟು ಕಾಯಿದೆಯಲ್ಲೇ ಬರೆದು ಚುಚ್ಚಿದ ಮೇಲೆ 2022ರ ಫೆಬ್ರವರಿಯಲ್ಲಿ ಒಪ್ಪಿಗೆ ಬಂತು. ಅರ್ಜಿಗೂ ಅಪ್ಪಣೆಗೂ ನಡುವೆ ಒಂಬತ್ತು ವರ್ಷ! ಸರ್ಕಾರಿ ಕಡತ ನಮ್ಮಲ್ಲಿ ಮಾತ್ರ ಆಮೆನಡಿಗೆ ಎಂದುಕೊಂಡವರು ಸಮಾಧಾನ ಪಟ್ಟುಕೊಳ್ಳಬಹುದು.

ಅಷ್ಟೂ ವರ್ಷ ಕಂಪನಿಗಳು ಏನು ಮಾಡಿದವು? ಒಂದೇ ಕಾರ್ಖಾನೆಯಲ್ಲಿ ಎಲ್ಲ ದೇಶಕ್ಕೂ ಕಾರು ತಯಾರಾಗುತ್ತದೆ. ಅಮೆರಿಕಕ್ಕೆಂದು ಬೇರೆ ದೀಪ ಮಾಡುವುದಕ್ಕಿಂತ ಅದೇ ದೀಪ ಕೂರಿಸಿ ಸಾಫ್ಟ್‌ವೇರಿನಲ್ಲಿ ಆರಿಸಿಬಿಡುವುದು ಎಷ್ಟೋ ಕಾರುಗಳಲ್ಲಿ ಸುಲಭವಾಯಿತು. ದುಡ್ಡು ಕೊಟ್ಟ ಗಿರಾಕಿಗೆ ದೀಪ ಸಿಕ್ಕಿತು, ಅದರ ಕೆಲಸ ಸಿಗಲಿಲ್ಲ. ಆಗ ಕೆಲವು ಮಾಲೀಕರು ತಾವೇ ಬೀಗ ಒಡೆಯಲು ಹೊರಟರು.

ಈ ಬೀಗ ನಿಜವಾಗಿ ಬೀಗವೇ ಎಂಬುದಕ್ಕೆ ಕಂಪನಿಗಳೇ ಸಾಕ್ಷಿ. ಟೆಸ್ಲಾ ಕಂಪನಿ ತನ್ನ ಕಾರುಗಳಲ್ಲಿ ಮ್ಯಾಟ್ರಿಕ್ಸ್ ದೀಪ ಕೂರಿಸಿ ವರ್ಷಗಟ್ಟಲೆ ಸುಮ್ಮನಿತ್ತು. ಆಮೇಲೆ ಯುರೋಪಿನಲ್ಲಿ 2024ರಲ್ಲಿ, ಅಮೆರಿಕದಲ್ಲಿ 2025ರಲ್ಲಿ ಗಾಳಿಯ ಮೂಲಕ ಸಾಫ್ಟ್‌ವೇರ್ ಕಳಿಸಿ ತೆರೆಯಿತು. ಶೆಡ್ಡಿನಲ್ಲಿ ನಿಂತಿದ್ದ ಕಾರಿಗೆ ರಾತ್ರೋರಾತ್ರಿ ಹೊಸ ಕಣ್ಣು ಬಂತು.

ಎರಡನೆಯ ಬೀಗ ಗಲ್ಲಾಪೆಟ್ಟಿಗೆಯದು. ಆಡಿ ಕಂಪನಿ ಯುರೋಪಿನಲ್ಲಿ ತನ್ನ ಇ-ಟ್ರಾನ್ ಕಾರಿಗೆ, ಕೊಂಡ ಮೇಲೂ ಬೇಕಾದರೆ ದುಡ್ಡು ಕಟ್ಟಿ ಮ್ಯಾಟ್ರಿಕ್ಸ್ ಬೆಳಕನ್ನು ತೆರೆಸಿಕೊಳ್ಳಬಹುದು ಎಂದು ಮಾರಾಟಕ್ಕಿಟ್ಟಿತು. ಬಿಎಂಡಬ್ಲ್ಯು 2022ರಲ್ಲಿ ಬ್ರಿಟನ್ ಮೊದಲಾದ ಕಡೆ ಸೀಟು ಬಿಸಿಮಾಡುವ ಸೌಲಭ್ಯಕ್ಕೆ ತಿಂಗಳ ಬಾಡಿಗೆ ಕೇಳಿ ಜನರಿಂದ ಉಗಿಸಿಕೊಂಡು, 2023ರಲ್ಲಿ ಕೈಬಿಟ್ಟಿತು. ಮನೆ ಮಾರಿ, ಅಡುಗೆಮನೆಗೆ ಬೀಗ ಹಾಕಿ, ಬೀಗದ ಕೈಗೆ ಬಾಡಿಗೆ ಕೇಳಿದ ಹಾಗಾಯಿತಲ್ಲ ಸ್ವಾಮಿ ಇದು! ಸೀಟು ಬಿಸಿ ಮಾಡುವುದು ಸುಖದ ಮಾತು, ಬೇಕಾದವರು ಕಟ್ಟಲಿ. ರಾತ್ರಿ ರಸ್ತೆ ಕಾಣುವುದು ಸುಖದ ಮಾತಲ್ಲ.

ಬೀಗ ಒಡೆಯುವುದು ಹೇಗೆ?

ಗ್ಯಾರೇಜಿನ ಹುಡುಗ ನನಗೆ ಬಿಡಿಸಿ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ. ಈಗಿನ ಕಾರಿನಲ್ಲಿ ದೀಪಕ್ಕೊಂದು, ಕ್ಯಾಮೆರಾಕ್ಕೊಂದು, ಬಾಗಿಲಿಗೊಂದು, ಎಂಜಿನ್ನಿಗೊಂದು ಹೀಗೆ ಹತ್ತಾರು ಪುಟ್ಟ ಕಂಪ್ಯೂಟರುಗಳು. ಸ್ಟಿಯರಿಂಗ್ ಕೆಳಗೆ 16 ಪಿನ್ನುಗಳ ಒಂದು ಕಿಂಡಿ ಇರುತ್ತದೆ. ಅದಕ್ಕೆ ಒಬಿಡಿ ಎಂದು ಹೆಸರು. ಹೊಗೆ ತಪಾಸಣೆ, ರಿಪೇರಿ ಇವಕ್ಕಾಗಿ ಅಮೆರಿಕ 1996ರಿಂದ ಎಲ್ಲ ಹೊಸ ಕಾರಿಗೂ ಅದನ್ನು ಕಡ್ಡಾಯ ಮಾಡಿತು. ಆ ಕಿಂಡಿಯ ಮೂಲಕ ಎಲ್ಲ ಕಂಪ್ಯೂಟರುಗಳ ಜೊತೆ ಮಾತಾಡಬಹುದು.

ಒಂದೊಂದು ಕಂಪ್ಯೂಟರಿನಲ್ಲೂ ಸ್ವಿಚ್ ಬೋರ್ಡಿನ ಹಾಗೆ ಸಾಲುಸಾಲು ಸೊನ್ನೆ, ಒಂದುಗಳು. ಈ ಕಾರು ಯಾವ ದೇಶದ್ದು, ಕ್ಯಾಮೆರಾ ಉಂಟೇ, ರಸ್ತೆಯ ಎಡಕ್ಕೆ ಓಡುವುದೇ ಬಲಕ್ಕೆ ಓಡುವುದೇ, ಹೊಂದಿಕೊಳ್ಳುವ ಬೆಳಕು ಬೇಕೇ ಬೇಡವೇ, ಎಲ್ಲವೂ ಅಲ್ಲೇ ಬರೆದಿರುತ್ತದೆ. ಸರಿಯಾದ ಜಾಗ ಹುಡುಕಿ ಸೊನ್ನೆಯನ್ನು ಒಂದು ಮಾಡಿದರೆ ಬೀಗ ತೆಗೆದಂತೆ. ಫೋಕ್ಸ್‌ವ್ಯಾಗನ್ ಬಳಗದ ಕಾರುಗಳಿಗೆ ವಿಸಿಡಿಎಸ್, ಒಬಿಡಿ ಇಲೆವೆನ್, ಬಿಎಂಡಬ್ಲ್ಯುಗೆ ಬಿಮ್ಮರ್‌ಕೋಡ್ ಇಂಥ ಸಲಕರಣೆಗಳು ಅಂಗಡಿಯಲ್ಲೇ ಸಿಗುತ್ತವೆ. ಕಳ್ಳಮಾಲೇನೂ ಅಲ್ಲ.

ಕಂಪನಿಗಳೂ ಈಗ ಬಿಗಿ ಮಾಡಿವೆ. 2019ರ ಕೊನೆಗೆ ಬಂದ ಎಂಟನೇ ಪೀಳಿಗೆಯ ಗಾಲ್ಫ್ ಕಾರಿನಿಂದೀಚೆಗೆ ಫೋಕ್ಸ್‌ವ್ಯಾಗನ್ ಇಂಥ ತಿದ್ದುಪಡಿಗೆ ತನ್ನ ಸರ್ವರಿನಿಂದ ಅನುಮತಿ ಬೇಕು ಎಂದು ಕಾವಲು ಹಾಕಿದೆ. ವಾಹನದ ಸಾಫ್ಟ್‌ವೇರಿಗೆ ಕಳ್ಳರು ನುಗ್ಗದ ಹಾಗೆ ನೋಡಿಕೊಳ್ಳಬೇಕೆಂದು ವಿಶ್ವಸಂಸ್ಥೆಯ 155ನೇ ನಿಯಮ 2020ರಲ್ಲಿ ಒಪ್ಪಿಗೆಯಾಯಿತು. ಕಳ್ಳರಿಗೆ ಹಾಕಿದ ಕಾವಲು ಒಳ್ಳೆಯದೇ. ಆದರೆ ಅದೇ ಕಾವಲುಗಾರ ಮನೆಯ ಯಜಮಾನನನ್ನೂ ಬಾಗಿಲಲ್ಲೇ ನಿಲ್ಲಿಸಿದರೆ?

ಇಲ್ಲಿಯವರೆಗೆ ನಾನು ಆ ಕಾರಿನ ಮಾಲೀಕರ ಪಕ್ಷವೇ. ಆಮೇಲೆ ಅವರು, "ಬಾ ಅಣ್ಣ, ಒಂದ್ ರೌಂಡ್ ನೋಡ್ಕೊಂಡ್ ಬರಾಣ" ಅಂದರು. ಹೋದೆ.

ಹೆದ್ದಾರಿಯಲ್ಲಿ ಸ್ವರ್ಗ, ಏರಿಯ ಮೇಲೆ?

ಮೊದಲು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ರಸ್ತೆ. ಕತ್ತಲಾಗಿತ್ತು. ಸುಳ್ಳು ಹೇಳಬಾರದು, ಕಣ್ಣಿಗೆ ಹಬ್ಬ. ಮುಂದೆ ಹೋಗುತ್ತಿದ್ದ ಬಸ್ಸಿನ ಸುತ್ತ ಕತ್ತರಿಯಲ್ಲಿ ಕತ್ತರಿಸಿದಂತೆ ನೆರಳು. ಎಡಕ್ಕೂ ಬಲಕ್ಕೂ ಹಗಲು. ಬಸ್ಸು ಲೇನು ಬದಲಿಸಿತು, ನೆರಳೂ ಬದಲಿಸಿತು. ಮಾಲೀಕರು, "ಎಂಗೆ?" ಎಂದು ನನ್ನ ಮುಖ ನೋಡಿದರು. "ಭೇಷ್" ಅಂದೆ.

ಒಂದು ಕಡೆ ಮಾತ್ರ ಎಡವಟ್ಟಾಯಿತು. ಮಧ್ಯದ ವಿಭಜಕದ ಆಚೆಯಿಂದ ಬಂದ ಲಾರಿಯೊಂದು ನಮಗೆ ದೀಪ ಮಿಣುಕಿಸಿ ಬೈದುಕೊಂಡು ಹೋಯಿತು. ಹುಡುಗ ಹಿಂದಿನ ಸೀಟಿನಿಂದಲೇ ಕಾರಣ ಹೇಳಿದ. ಲಾರಿಯ ಹೆಡ್‌ಲೈಟು ಕೆಳಗಿರುತ್ತದೆ, ಡ್ರೈವರನ ಕಣ್ಣು ಮೇಲಿರುತ್ತದೆ. ನಡುವಿನ ಗೋಡೆಯೋ ಗಿಡವೋ ಹೆಡ್‌ಲೈಟನ್ನು ಮರೆ ಮಾಡಿದರೆ ಕ್ಯಾಮೆರಾಕ್ಕೆ ಲಾರಿಯೇ ಇಲ್ಲ. ನಮ್ಮ ಬ್ರೈಟ್ ಬೆಳಕು ಗೋಡೆಯ ಮೇಲಿಂದ ಹಾಯ್ದು ನೇರ ಡ್ರೈವರನ ಕಣ್ಣಿಗೆ.

ಆಮೇಲೆ ಪಾಂಡವಪುರದ ಕಡೆ ತಿರುಗಿ ನಾಲೆ ಏರಿಯ ರಸ್ತೆಗೆ ಬಂದೆವು. ಒಂದು ಬದಿ ನೀರು, ಒಂದು ಬದಿ ಗದ್ದೆ. ನಡುವೆ ಒಂದೂವರೆ ಗಾಡಿ ಹಿಡಿಯುವಷ್ಟು ಡಾಂಬರು. ಈ ನಾಲೆಯ ಸುದ್ದಿ ಜಿಲ್ಲೆಗೆ ಹೊಸದಲ್ಲ. 2018ರ ನವೆಂಬರ್ 24ರಂದು ಕನಗನಮರಡಿಯ ಹತ್ತಿರ ಬಸ್ಸು ನಾಲೆಗೆ ಉರುಳಿ 30 ಜನ ಹೋದರು. ಅದು ಹಗಲು ಹೊತ್ತಿನ ದುರಂತ, ಹೆಡ್‌ಲೈಟಿಗೂ ಅದಕ್ಕೂ ಸಂಬಂಧವಿಲ್ಲ. ಇಂಥ ರಸ್ತೆಯಲ್ಲಿ ಒಂದು ಗಳಿಗೆ ದಾರಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಹೇಳಿದೆ.

ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೇಲರೊಂದು ಮುಂದೆ ಹೋಗುತ್ತಿತ್ತು. ಹಿಂದೆ ಕೆಂಪು ದೀಪ ಇಲ್ಲ. ಇದ್ದ ಒಂದು ರಿಫ್ಲೆಕ್ಟರನ್ನೂ ಕಬ್ಬಿನ ಸೋಗೆ ಮುಚ್ಚಿತ್ತು. ಕ್ಯಾಮೆರಾ ಅದನ್ನು ಗಾಡಿ ಎಂದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಟ್ರ್ಯಾಕ್ಟರಿನವನ ಕನ್ನಡಿಯೊಳಗೆ ನಮ್ಮ ಪೂರಾ ಬೆಳಕು. ಆತ ಕೈ ಹೊರಗೆ ಹಾಕಿ ಬೀಸಿದ.

ಅದನ್ನು ದಾಟಿ ಅರ್ಧ ಕಿಲೋಮೀಟರ್ ಹೋಗಿಲ್ಲ, ಎದುರಿಗೆ ಒಬ್ಬ ಮುದುಕರು. ಸೈಕಲ್ಲು. ಹ್ಯಾಂಡಲಿಗೆ ಹಾಲಿನ ಕ್ಯಾನು. ಸೈಕಲ್ಲಿಗೆ ದೀಪ ಇಲ್ಲ. ನಮಗೆ ಅವರು ಬಹು ದೂರದಿಂದಲೇ ಚೆನ್ನಾಗಿ ಕಂಡರು, ಪಂಚೆಯ ಅಂಚಿನ ಸಮೇತ. ಅವರಿಗೆ ನಾವು ಕಾಣಲಿಲ್ಲ. ಕಂಡದ್ದು ಬರೀ ಬಿಳಿ ಬೆಳಕು. ಒಂದು ಕೈ ಹ್ಯಾಂಡಲ್ ಬಿಟ್ಟು ಕಣ್ಣಿಗೆ ಅಡ್ಡ ಹಿಡಿದರು. ಸೈಕಲ್ಲು ಓಲಾಡಿ ನಾಲೆಯ ಕಡೆಗೆ ವಾಲಿತು. ಅವರು ಕಾಲು ಊರಿ ನಿಂತರು. ಕ್ಯಾನು ಕೆಳಗೆ ಬಿತ್ತು.

ಮಾಲೀಕರು ಬ್ರೇಕ್ ಹಾಕಿ, ಕೈಯಿಂದಲೇ ಡಿಮ್ ಮಾಡಿದರು. ಇಳಿದು ಕ್ಯಾನು ಎತ್ತಿಕೊಟ್ಟೆವು. ಪುಣ್ಯಕ್ಕೆ ಹಾಲು ಡೇರಿಗೆ ಹಾಕಿಯಾಗಿತ್ತು, ಖಾಲಿ ಕ್ಯಾನು. ಮುದುಕರು ಬೈಯಲಿಲ್ಲ. "ಎಂಥಾ ಲೈಟ್ ಸಾಮಿ ಇದು, ಏನೂ ಕಾಣಾಕಿಲ್ಲ" ಅಂದರು, ಅಷ್ಟೆ. ನೋಡಿ, ಬೆಳಕು ಹೆಚ್ಚಾಗಿ ಏನೂ ಕಾಣಲಿಲ್ಲ!

ವಾಪಸು ಬರುವಾಗ ಮಾಲೀಕರು ಮಾತಾಡಲಿಲ್ಲ. ಹುಡುಗ ಮಾತ್ರ ಮೆಲ್ಲಗೆ, "ಕ್ಯಾಮೆರಾ ಲೈಟನ್ನ ಹುಡುಕ್ತದೆ ಸಾರ್, ಮನುಷ್ಯನ್ನ ಅಲ್ಲ" ಅಂದ.

ಪ್ರಶ್ನೆಗೆ ಉತ್ತರ ಇದು

ಆ ಮಾತಿನಲ್ಲೇ ಎಲ್ಲ ಇದೆ. ಯುರೋಪಿನ ಕ್ಯಾಮೆರಾ ದೀಪ ಹೊತ್ತ ಗಾಡಿಯನ್ನು ಹುಡುಕಲು ಕಲಿತದ್ದು. ಅಲ್ಲಿ ಸೈಕಲ್ಲಿಗೂ ದೀಪ ಇರಲೇಬೇಕು. ನಮ್ಮ ಏರಿಯ ಮೇಲೆ ಎತ್ತಿನ ಗಾಡಿ, ದೀಪವಿಲ್ಲದ ಟ್ರೇಲರು, ಒಂಟಿ ಕಣ್ಣಿನ ಲೂನಾ, ತಲೆಮೇಲೆ ಹುಲ್ಲುಹೊರೆ ಹೊತ್ತ ಹೆಂಗಸು. ಇವರ್ಯಾರೂ ಆ ಕ್ಯಾಮೆರಾದ ಮತದಾರರ ಪಟ್ಟಿಯಲ್ಲಿಲ್ಲ.

ಇನ್ನೂ ಒಂದು ಅಪಾಯ ಉಂಟು. ಅಮೆರಿಕ, ಜರ್ಮನಿಗಳಲ್ಲಿ ಗಾಡಿ ಓಡುವುದು ರಸ್ತೆಯ ಬಲಕ್ಕೆ, ನಮ್ಮಲ್ಲಿ ಎಡಕ್ಕೆ. ಡಿಮ್ ಬೆಳಕಿನ ಒಂದು ಬದಿ ಸ್ವಲ್ಪ ಮೇಲೆದ್ದು ರಸ್ತೆ ಅಂಚನ್ನು ತೋರಿಸುವಂತೆ ಮಾಡಿರುತ್ತಾರೆ. ನಮ್ಮಲ್ಲಿ ಅದು ಎಡಬದಿ. ಅಲ್ಲಿನವರು ಬರೆದ ಕೋಡನ್ನು ಕಣ್ಣು ಮುಚ್ಚಿ ಇಲ್ಲಿ ನಕಲು ಹೊಡೆದು ರಸ್ತೆಯ ಬದಿ ತಪ್ಪಿ ಬಿದ್ದರೆ, ಮೇಲೆದ್ದ ಬದಿ ಎದುರು ಬರುವವನ ಕಡೆಗೇ ತಿರುಗುತ್ತದೆ. ಕಾಪಿ ಹೊಡೆದು ಪಾಸಾಗುವುದು ಪರೀಕ್ಷೆಯಲ್ಲಿ ನಡೆದೀತು, ರಸ್ತೆಯಲ್ಲಿ ನಡೆಯದು. ಕೆಲವು ಕಾರುಗಳಲ್ಲಿ ಹೊರಗೆ ಒಂದೇ ಥರ ಕಂಡರೂ ದೀಪದ ಒಳಗೆ ಸಾಮಾನು ಬೇರೆ ಇರುತ್ತದೆ. ಅಂಥ ಕಡೆ ಕೋಡ್ ತಿದ್ದಿದರೆ ಡ್ಯಾಶ್ ಬೋರ್ಡಿನಲ್ಲಿ ಹಳದಿ ಎಚ್ಚರಿಕೆ ಉರಿಯುತ್ತದೆ, ಬೆಳಕು ಹೇಗೋ ಬೀಳುತ್ತದೆ.

ಆದ್ದರಿಂದ "ನನ್ ಕಾರು, ಯಾರ ಅಪ್ಪಣೆ ಬೇಕು" ಎಂಬ ಪ್ರಶ್ನೆಗೆ ನನ್ನ ಉತ್ತರ ಹೀಗೆ: ಕಾರು ನಿಮ್ಮದು, ದೀಪ ನಿಮ್ಮದು, ಬೆಳಕು ಮಾತ್ರ ಪೂರ್ತಿ ನಿಮ್ಮದಲ್ಲ. ಅದು ನಿಮ್ಮ ಬಾನೆಟ್ ದಾಟಿದ ಮೇಲೆ ಊರಿನದು. ಸೀಟು, ರೇಡಿಯೋ, ಬಾಗಿಲಿನ ಸದ್ದು ಏನನ್ನು ಬೇಕಾದರೂ ಕೋಡ್ ಮಾಡಿಸಿಕೊಳ್ಳಿ, ಸುಖವಾಗಿರಿ. ಹೆಡ್‌ಲೈಟಿನ ವಿಷಯದಲ್ಲಿ ಮಾತ್ರ ಎದುರಿನವನ ಕಣ್ಣಿಗೂ ಒಂದು ಓಟು ಉಂಟು.

ಹಾಗೆಂದು ಕಂಪನಿಯ ಬೀಗ ಸರಿ ಎಂದು ನಾನು ಹೇಳಿದೆ ಎಂದುಕೊಳ್ಳಬೇಡಿ. ಎದುರಿನವನ ಕಣ್ಣಿನ ಚಿಂತೆಯಿಂದ ಹಾಕಿದ ಬೀಗವಾದರೆ ದುಡ್ಡು ಕಟ್ಟಿದ ಕೂಡಲೇ ಅದು ತೆರೆದುಕೊಳ್ಳಬಾರದು. ದುಡ್ಡಿಗೆ ತೆರೆಯುವ ಬೀಗ ಸುರಕ್ಷತೆಯ ಬೀಗವಲ್ಲ, ಅಂಗಡಿಯ ಬೀಗ.

ನಮ್ಮ ಕಾಯಿದೆ ಏನು ಹೇಳುತ್ತದೆ?

ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಲ್ಲಿ ಅಕ್ರಮ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಇನ್ನೂ ಸ್ಪಷ್ಟ. ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕುಕ್ಕದಂತೆ ಬೆಳಕು ಕೆಳಕ್ಕೆ ಬಾಗಿರಬೇಕು. ನಾನು ಮೊದಲ ಸಲ ಇದನ್ನು ಓದಿದಾಗ ಆ ಮುದುಕರೇ ನೆನಪಾದರು. ಅವರ ಕಣ್ಣು ಹೆಚ್ಚುಕಮ್ಮಿ ಅಷ್ಟೇ ಎತ್ತರದಲ್ಲಿತ್ತು.

ನಮ್ಮ ರಾಜ್ಯದಲ್ಲಿ 2024ರ ಜುಲೈಯಿಂದ, ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ಅವರ ಆದೇಶದಂತೆ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ 177ನೇ ಕಲಮಿನಲ್ಲಿ ಕೇಸು ಹಾಕುವ ಕೆಲಸ ಶುರುವಾಯಿತು. ಒಳ್ಳೆಯ ಕೆಲಸ. ಆ ಕಲಮಿನಲ್ಲಿ ಮೊದಲ ತಪ್ಪಿಗೆ ದಂಡ 500 ರೂಪಾಯಿಯವರೆಗೆ. ಆದರೆ ಬಂಪರಿನ ಮೇಲೆ ಕೂರಿಸಿದ ಹೆಚ್ಚುವರಿ ದೀಪ ಪೊಲೀಸಿನವರ ಕಣ್ಣಿಗೆ ಕಾಣುತ್ತದೆ. ಸೊನ್ನೆ ಹೋಗಿ ಒಂದಾದದ್ದು ಕಾಣುತ್ತದೆಯೇ? ಆರ್‌ಸಿ ಪುಸ್ತಕದಲ್ಲಿ ಅದಕ್ಕೆ ಕಾಲಂ ಉಂಟೇ? ಕಾನ್‌ಸ್ಟೇಬಲ್ಲು ಲಾಠಿಯಲ್ಲಿ ತಟ್ಟಿ ನೋಡುವ ವಸ್ತುವಲ್ಲ ಅದು.

ಇನ್ನೊಂದು ಮಾತು. ಖಾಸಗಿ ಕಾರಿಗೆ ಒಮ್ಮೆ ರಿಜಿಸ್ಟರ್ ಆದರೆ ಹದಿನೈದು ವರ್ಷ ನೆಮ್ಮದಿ. ಅಲ್ಲಿಯವರೆಗೆ ಎಫ್‌ಸಿ ಇಲ್ಲ. ಹೊಗೆ ತಪಾಸಣೆಗೆ ಚೀಟಿ ಬೇಕು, ವಿಮೆಗೆ ಚೀಟಿ ಬೇಕು. ಹೆಡ್‌ಲೈಟು ಎಲ್ಲಿ ಬೀಳುತ್ತದೆ ಎಂದು ಆ ಹದಿನೈದು ವರ್ಷದಲ್ಲಿ ಕಡ್ಡಾಯವಾಗಿ ನೋಡುವವರು ಯಾರೂ ಇಲ್ಲ.

ಅಮೆರಿಕದಿಂದ ಕಲಿಯುವುದೇನು?

ಅಲ್ಲಿಯೂ ಇದೇ ತಾಪತ್ರಯ. ಕಂಪನಿ, ಡೀಲರು, ರಿಪೇರಿ ಅಂಗಡಿಯವರು ಸುರಕ್ಷತಾ ಸಾಧನವನ್ನು ಕೆಡಿಸಬಾರದು ಎಂದು ಅಲ್ಲಿನ ಕೇಂದ್ರ ಕಾಯಿದೆ ಹೇಳುತ್ತದೆ. ಮಾಲೀಕ ತಾನೇ ಮನೆಯಲ್ಲಿ ಕೂತು ಮಾಡಿಕೊಂಡರೆ ಆ ಕಲಮು ಅವನಿಗೆ ತಟ್ಟುವುದಿಲ್ಲ, ರಾಜ್ಯಗಳ ಕಾನೂನು ನೋಡಿಕೊಳ್ಳಬೇಕು. ಇನ್ನೊಂದು ಕಡೆ, ಸ್ವಂತ ವಾಹನದ ಸಾಫ್ಟ್‌ವೇರನ್ನು ರಿಪೇರಿಗೋ ಕಾನೂನಿಗೆ ಒಪ್ಪುವ ಮಾರ್ಪಾಡಿಗೋ ಬಿಚ್ಚುವುದು ಕೃತಿಸ್ವಾಮ್ಯದ ಅಪರಾಧವಲ್ಲ ಎಂದು 2015ರಲ್ಲಿ ವಿನಾಯಿತಿ ಕೊಟ್ಟರು. ಒಂದು ಕೈ ಬಾಗಿಲು ತೆರೆಯಿತು, ಇನ್ನೊಂದು ಕೈ ಮುಚ್ಚಿತು. ನಡುವೆ ಜನ ತಮಗೆ ತೋಚಿದ್ದು ಮಾಡಿದರು.

ತಪ್ಪು ಎಲ್ಲಿ? ಅಲ್ಲಿನ ನಿಯಮ 2022ರವರೆಗೆ ದೀಪಕ್ಕೆ ಎಷ್ಟು ಬಗೆ ಎಂದು ಎಣಿಸುತ್ತಿತ್ತು, ಎದುರಿನವನ ಕಣ್ಣಿಗೆ ಎಷ್ಟು ಬೀಳುತ್ತದೆ ಎಂಬುದನ್ನು ಹೊಸ ಯುಗಕ್ಕೆ ತಕ್ಕಂತೆ ಅಳೆಯಲಿಲ್ಲ. ಕೊನೆಗೆ ಮಾಡಿದ್ದು ಅದನ್ನೇ. ರಸ್ತೆಯ ಮೇಲೆ ಕಾರು ಓಡಿಸಿ, ಎದುರಿನ ಗಾಡಿಯ ಜಾಗದಲ್ಲಿ ಅಳತೆ ಯಂತ್ರವಿಟ್ಟು, ಇಷ್ಟರ ಮೇಲೆ ಬೆಳಕು ಬೀಳಬಾರದು ಎಂದು ಗೆರೆ ಎಳೆದರು. ಈ ಕೆಲಸವನ್ನು ಒಂಬತ್ತು ವರ್ಷ ಮೊದಲೇ ಮಾಡಿದ್ದರೆ ಕದ್ದುಮುಚ್ಚಿ ಕೋಡ್ ಬರೆಯುವ ಕಸುಬೇ ಇಷ್ಟು ಬೆಳೆಯುತ್ತಿರಲಿಲ್ಲ. ಬೀಗವನ್ನು ಕಾಯಬೇಡಿ, ಬೆಳಕನ್ನು ಅಳೆಯಿರಿ. ಅಲ್ಲಿಂದ ನಾವು ಕಲಿಯಬೇಕಾದ್ದು ಇಷ್ಟೇ.

ಆಗಬೇಕಾದ್ದು

ಬೈದು ಮುಗಿಸಿದರೆ ಅಂಕಣ ಆಗುತ್ತದೆ, ಕೆಲಸ ಆಗುವುದಿಲ್ಲ. ಆದ್ದರಿಂದ ಸಂಬಂಧಪಟ್ಟವರ ಮುಂದೆ ನಾಲ್ಕು ಮಾತು.

ಒಂದು, ಕಂಪನಿಗಳಿಗೆ. ನಮ್ಮ ರಸ್ತೆಗೆ ಒಗ್ಗುವ ದೀಪವಾದರೆ ಪೂರ್ತಿ ತೆರೆದು ಕೊಡಿ. ಒಗ್ಗದಿದ್ದರೆ ಏಕೆ ಒಗ್ಗದು ಎಂದು ಕೊಳ್ಳುವಾಗಲೇ ಕನ್ನಡದಲ್ಲಿ ಬರೆದು ಕೊಡಿ. ನಮ್ಮ ಸೈಕಲ್ಲು, ಎತ್ತಿನ ಗಾಡಿ, ಕಾಲ್ನಡಿಗೆಯವರನ್ನು ನಿಮ್ಮ ಕ್ಯಾಮೆರಾಕ್ಕೆ ಕಲಿಸಿ. ಬೆಳಕಿಗೆ ಬಾಡಿಗೆ ಬೇಡ.

ಎರಡು, ಸಾರಿಗೆ ಇಲಾಖೆಗೆ. ಹೊಗೆ ತಪಾಸಣೆ ಮಾಡುವ ಹಾಗೆ ಹೆಡ್‌ಲೈಟ್ ತಪಾಸಣೆಯೂ ಇರಲಿ. ಕೋಡ್ ಮಾಡಿಸಿದ ಕಾರಾಗಲಿ, ಮಾಡಿಸದ ಕಾರಾಗಲಿ, ಬೆಳಕು ಎಲ್ಲಿ ಬೀಳುತ್ತದೆ ಎಂದು ಯಂತ್ರದಲ್ಲಿ ನೋಡಿ ಚೀಟಿ ಕೊಡಿ. ಕೋಡಿಂಗ್ ಮಾಡುವ ಅಂಗಡಿಯವರು ಏನನ್ನು ಬದಲಿಸಿದೆವು ಎಂದು ಬಿಲ್ಲಿನಲ್ಲಿ ಬರೆದು ಕೊಡಲೇಬೇಕೆಂದು ನಿಯಮ ಮಾಡಿ. ಆ ಹುಡುಗ ಕೆಟ್ಟವನಲ್ಲ, ಬುದ್ಧಿವಂತ. ಅವನ ಕಸುಬನ್ನು ಕತ್ತಲೆಗೆ ತಳ್ಳಿದರೆ ಅವನು ಕತ್ತಲಲ್ಲೇ ಮಾಡುತ್ತಾನೆ.

ಮೂರು, ಕಾರಿನ ಮಾಲೀಕರಿಗೆ. ಕೋಡ್ ಮಾಡಿಸುವ ಮೊದಲು ಇರುವ ದೀಪವನ್ನು ಸರಿಯಾಗಿ ಇಳಿಸಿ. ಸಮನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ ಡಿಮ್ ಹಾಕಿ. ಬೆಳಕಿನ ಮೇಲಂಚು ನಿಮ್ಮ ದೀಪದ ನಡುಮಧ್ಯದ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಮೇಲಿದ್ದರೆ ಮೆಕ್ಯಾನಿಕ್ ಹತ್ತಿರ ಸ್ಕ್ರೂ ತಿರುಗಿಸಿ ಸರಿಮಾಡಿಸಿ. ಹಿಂದೆ ನಾಲ್ಕು ಮೂಟೆ ಹೇರಿದರೆ ಮೂತಿ ಮೇಲೇಳುತ್ತದೆ, ಆಗ ಒಳಗಿನ ಲೆವೆಲ್ ಚಕ್ರ ತಿರುಗಿಸಿ. ಕೋಡ್ ಮಾಡಿಸಿದ್ದೀರಾ? ಹಳ್ಳಿ ರಸ್ತೆಗೆ ತಿರುಗಿದ ಕೂಡಲೇ ಅದನ್ನು ಆರಿಸಿ ಕೈಯಲ್ಲೇ ಡಿಮ್ ಮಾಡಿ. ಮುಂದಿನ ಗಾಜು ಒರೆಸಿ, ಕ್ಯಾಮೆರಾಕ್ಕೂ ಧೂಳು ಕಟ್ಟಿದರೆ ಕುರುಡು.

ನಾಲ್ಕು, ನಮ್ಮ ರೈತ ಬಂಧುಗಳಿಗೆ, ಸಕ್ಕರೆ ಕಾರ್ಖಾನೆಗಳಿಗೆ. ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಸೋಗೆಯಿಂದ ಮುಚ್ಚಬೇಡಿ. ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆ ಗೇಟಿನಲ್ಲೇ ಒಬ್ಬ ಹುಡುಗನನ್ನು ನಿಲ್ಲಿಸಿ ಅಂಟಿಸಬಹುದು. ಸೈಕಲ್ಲಿಗೆ ಒಂದು ಸಣ್ಣ ದೀಪ. ಇದು ಬಡವನ ಮೇಲೆ ಹೊರೆ ಹೇರಿದ ಹಾಗಾಗಬಾರದು. ಪಂಚಾಯಿತಿಯೋ ಡೇರಿಯೋ ಮನಸ್ಸು ಮಾಡಿದರೆ ಹಾಲು ಹಾಕುವವರಿಗೆ ಒಂದೊಂದು ಕೊಡಿಸುವುದು ದೊಡ್ಡ ಮಾತಲ್ಲ.

ಕಡೆಯದಾಗಿ ಒಂದು ಮಾತು ಹೇಳಿ ಮುಗಿಸುತ್ತೇನೆ. ಶುಕ್ರವಾರ ಅದೇ ಗ್ಯಾರೇಜಿಗೆ ಮತ್ತೆ ಹೋಗಿದ್ದೆ. ಕ್ಲಚ್ ವೈರು ಸರಿ ಕೂತಿರಲಿಲ್ಲ. ಆ ಜರ್ಮನ್ ಕಾರು ಅಲ್ಲೇ ಇತ್ತು. ಮಾಲೀಕರು ಕೋಡನ್ನು ತೆಗೆಸಲಿಲ್ಲ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಬೆಳಕು ಇಳಿಸುತ್ತಿದ್ದರು. ನನ್ನನ್ನು ಕಂಡು, "ಎಕ್ಸ್‌ಪ್ರೆಸ್ ರೋಡಿಗೆ ಇರ್ಲಿ ಅಂತ ಮಡೀಕಂಡಿವ್ನಿ ಕಣಣ್ಣ. ಏರಿ ಮ್ಯಾಲೆ ಕೈಲೇ ಡಿಮ್ಮು" ಅಂದರು.

ಒಬ್ಬ ಮಾಲೀಕರಿಗೆ ಇಷ್ಟು ತಿಳಿಯಲು ಒಂದು ಹಾಲಿನ ಕ್ಯಾನು ಕೆಳಗೆ ಬೀಳಬೇಕಾಯಿತು. ಅಧಿಕಾರಿಗಳಿಗೆ ತಿಳಿಯಲು ಇನ್ನೂ ದೊಡ್ಡದೇನಾದರೂ ಬೀಳಬೇಕೇ? ಸೈಕಲ್ಲಿನ ಮುದುಕರು ಎಲ್ಲಿಗೂ ಅರ್ಜಿ ಬರೆಯುವವರಲ್ಲ. ಅವರ ಪರವಾಗಿ ಈ ಅಂಕಣವನ್ನೇ ಅರ್ಜಿ ಎಂದು ತಿಳಿದು ಸಂಬಂಧಪಟ್ಟವರು ಇತ್ತ ಗಮನ ಹರಿಸಲಿ.